ಕಂಬ ಮಾತ್ರ ನೆಟ್ಟಗಿತ್ತು

ಒಂದೇ ಒಂದು ಗಜ! ನೀವೇ ಹೇಳಿ, ಒಂದು ಗಜ ಎಂದರೆ ಎಷ್ಟು ದೂರ? ನಮ್ಮ ಮನೆಯ ಸೋಫಾದಿಂದ ಫ್ರಿಜ್ಜಿಗೆ ಅದಕ್ಕಿಂತ ಹೆಚ್ಚು ದೂರವಿದೆ. ಅದನ್ನು ನಾನು ಪ್ರತಿ ಶನಿವಾರ, ಬೆನ್ನುನೋವನ್ನೂ ಲೆಕ್ಕಿಸದೆ, ಪಂದ್ಯದ ನಡುವೆ ಹಲವಾರು ಬಾರಿ ಕ್ರಮಿಸುತ್ತೇನೆ. ಆದರೆ ನಮ್ಮ ಹಾರ್ಪ್ಸ್ ಮಿಲ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹನ್ನೊಂದು ಮಂದಿ ಗೂಳಿಗಳಿಗೆ, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಿಂಬು ಕಟ್ಟಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಂದು ಗಜ ಮುಂದೆ ನುಗ್ಗಲು ಆಗುವುದಿಲ್ಲವಂತೆ. ಹಾಗೆಂದು ತೀರ್ಮಾನಿಸಿದವರು ಯಾರು? ಕೋಚ್ ಲೈಲ್ ಟಕೆಟ್.

ಹತ್ತು ಗಜ ಮುನ್ನುಗ್ಗಲು ನಾಲ್ಕು ಅವಕಾಶ ಕೊಡುತ್ತಾರೆ, ಆಗದಿದ್ದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿಗಳ ಪಾಲು. ಮೂರರಲ್ಲಿ ಒಂಬತ್ತು ಗಜ ಹೋಗಿರುತ್ತೇವೆ. ನಾಲ್ಕನೆಯದರಲ್ಲಿ ಒಂದೇ ಗಜ ಬಾಕಿ. ಆಗ ಈ ಮಹಾನುಭಾವರು ಏನು ಮಾಡುತ್ತಾರೆ? ಚೆಂಡನ್ನು ದೂರಕ್ಕೆ ಒದೆಸಿ ಎದುರಾಳಿಗಳಿಗೆ ಧಾರೆಯೆರೆದು ಕೊಡುತ್ತಾರೆ! ಅವರು ಅದನ್ನು ಎತ್ತಿಕೊಂಡು ಬಂದು ನಮ್ಮನ್ನೇ ಸೋಲಿಸುತ್ತಾರೆ. ಈ ಋತುವಿನಲ್ಲಿ ನಮ್ಮ ತಂಡ ಗೆದ್ದದ್ದು ಟಾಸು ಮಾತ್ರ. ತಂಡದ ಹೆಸರು ‘ಮುಳ್ಳುಹಂದಿಗಳು’ ಎಂದು. ಮುಳ್ಳು ಎಂದೋ ಉದುರಿಹೋಗಿದೆ.

ಆ ಶನಿವಾರವೂ ಅದೇ ಆಯಿತು. ಒಂದು ಗಜ, ಒದೆತ, ಸೋಲು. ನಾನು ಟೀವಿಯ ಕಡೆಗೆ ಚಿಪ್ಸ್ ಬಟ್ಟಲನ್ನೇ ಎಸೆದೆ.

“ಧೈರ್ಯ ಇಲ್ಲ ಕಣೇ ಆ ಮನುಷ್ಯಂಗೆ! ಗಂಡಸಾದವನು ಒಂದು ಗಜ ಉಳಿದಾಗ ನುಗ್ಗಬೇಕು, ಒದ್ದು ಕೈ ತೊಳ್ಕೊಳ್ಳೋದಾ?” ಎಂದು ಗುಡುಗಿದೆ.

ನನ್ನ ಹೆಂಡತಿ ರೋಬರ್ಟಾ ಕನ್ನಡಕದ ಮೇಲಿನಿಂದ ನೋಡಿದಳು. “ಮೇಲಿನ ಬಚ್ಚಲಿಗೆ ಟೈಲ್ಸ್ ಹಾಕೋಕೆ ಶುರುಮಾಡಿ ಮೂಲೇಲಿ ಒಂದು ಗಜ ಬಿಟ್ಟಿದ್ದೀಯಲ್ಲ ಓರ್ವಿಲ್, ಅಲ್ಲಿಗೆ ಯಾವಾಗ ನುಗ್ತೀಯ?”

“ಅದೇ ಬೇರೆ, ಇದೇ ಬೇರೆ.”

“ನಂಗೇನೂ ಬೇರೆ ಕಾಣಲ್ಲಪ್ಪ. ಚಿಪ್ಸ್ ಗುಡಿಸು.”

(ಗುಡಿಸಿದೆ. ಸೋಫಾದ ಕೆಳಗಿನದನ್ನು ಮಾತ್ರ ಬಿಟ್ಟೆ.)

ರೋಬರ್ಟಾಳ ಬಗ್ಗೆ ಒಂದು ಮಾತು ಹೇಳಬೇಕು. ಅವಳು ನಮ್ಮೂರಲ್ಲಿ ಮನೆಗಳನ್ನು ಕೊಡಿಸುವ, ಮಾರಿಸುವ ಏಜೆಂಟು. ಮಾರಾಟಕ್ಕಿರುವ ಮನೆಗಳ ಮುಂದೆಲ್ಲ ಅವಳ ನಗುಮುಖ ಮತ್ತು ಫೋನ್ ನಂಬರು ಇರುವ ಬೋರ್ಡು ನಿಂತಿರುತ್ತದೆ. ‘ರೋಬರ್ಟಾ ಹೇಳಿದರೆ ಮುಗಿಯಿತು’ ಎಂದು ಜನ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ, ಅಷ್ಟು ಒಳ್ಳೆಯ ಹೆಸರು. ನಾನು ಹಿಂಡಿಬೂಸಾ ಅಂಗಡಿಯ ಕೆಲಸದಿಂದ ನಿವೃತ್ತನಾದ ಮೇಲೆ ಅವಳ ಸಂಸ್ಥೆಯಲ್ಲಿ ಕಂಬ ನೆಡುವ ಖಾತೆಯ ಮುಖ್ಯಸ್ಥನಾಗಿದ್ದೇನೆ. ಖಾತೆಯಲ್ಲಿ ಬೇರೆ ನೌಕರರಿಲ್ಲ. ಆದರೆ ಕೆಲಸ ಅಚ್ಚುಕಟ್ಟು. ಹುಲ್ಲನ್ನು ಬೇರುಸಮೇತ ಚೌಕವಾಗಿ ಕತ್ತರಿಸಿ ಎತ್ತಿಡುತ್ತೇನೆ, ಗುಂಡಿ ತೋಡಿ ಕಂಬ ನಿಲ್ಲಿಸುತ್ತೇನೆ, ರಸಮಟ್ಟ ಹಿಡಿದು ಕೂದಲೆಳೆಯಷ್ಟೂ ವಾಲದಂತೆ ನೋಡುತ್ತೇನೆ, ಕೊನೆಗೆ ಹುಲ್ಲನ್ನು ಮತ್ತೆ ಕೂರಿಸಿ ನೀರು ಹಾಕುತ್ತೇನೆ. ಜಗತ್ತಿನಲ್ಲಿ ನಾನು ಪೂರ್ತಿ ಮುಗಿಸುವ ಕೆಲಸ ಇದೊಂದೇ.

ನಮ್ಮ ಟೆನೆಸಿ ಕಡೆ ಒಂದು ಪದ್ಧತಿಯಿದೆ. ಸೋಲುತ್ತಲೇ ಇರುವ ಕೋಚ್‌ಗೆ ‘ಊರು ಬಿಡು ಮಾರಾಯ’ ಎಂದು ಮುಖದ ಮೇಲೆ ಹೇಳುವುದಿಲ್ಲ, ಅದು ಅಸಭ್ಯತನ. ಅವನಿಗೆ ತಿಳಿಯದಂತೆ ಅವನ ಮನೆಯ ಅಂಗಳದಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ನೆಟ್ಟು ಬರುತ್ತೇವೆ, ಇದು ಸಭ್ಯತೆ. ಗ್ಯಾರೇಜಿನ ತುಂಬ ಅಂಥ ಬೋರ್ಡುಗಳಿರುವ ಅಭಿಮಾನಿ ಊರಿಗೆಲ್ಲ ನಾನೊಬ್ಬನೇ. ಇದು ದೈವಸಂಕೇತವಲ್ಲದೆ ಇನ್ನೇನು?

ಭಾನುವಾರ ಬೆಳಿಗ್ಗೆ ಬೆನ್ನು ಹಿಡಿದುಕೊಂಡು ನರಳಿದೆ. ರೋಬರ್ಟಾ ಒಬ್ಬಳೇ ಚರ್ಚಿಗೆ ಹೋದಳು. ಅವಳ ಕಾರು ತಿರುವು ದಾಟಿದ್ದೇ ತಡ ನನ್ನ ಬೆನ್ನು ಪವಾಡಸದೃಶವಾಗಿ ಗುಣವಾಯಿತು. ಒಂದು ಬೋರ್ಡು ತೆಗೆದುಕೊಂಡು, ರೋಬರ್ಟಾಳ ಮುಖ ಮತ್ತು ನಂಬರಿನ ಮೇಲೆ ಕಂದು ಕಾಗದ ಅಂಟಿಸಿದೆ. ಊರೆಲ್ಲ ಚರ್ಚಿನಲ್ಲಿತ್ತು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಕೋಚ್‌ನ ಮನೆಯಂಗಳದಲ್ಲಿ ಶಾಸ್ತ್ರೋಕ್ತವಾಗಿ ಕಂಬ ಸ್ಥಾಪಿಸಿದೆ. ಅಡ್ಡ ಬಂದ ಚೆಂಡುಹೂವಿನ ಗಿಡವೊಂದನ್ನು ಕಿತ್ತು ಪಕ್ಕದಲ್ಲಿ ಜೋಪಾನವಾಗಿ ನೆಟ್ಟೆ. ಬೀದಿಗೆ ಬಂದು ನಿಂತು ನೋಡಿದೆ. ಎಂಥ ನೇರ! ಎದೆ ಉಬ್ಬಿತು.

ಮಧ್ಯಾಹ್ನ ಹುರಿದ ಕೋಳಿಯ ತುಂಡಿಗೆ ಕೈ ಹಾಕಿದ್ದೆ, ರೋಬರ್ಟಾಳ ಫೋನು ಬಡಿದುಕೊಂಡಿತು. “ಹಲೋ... ಹೌದು ಮಿಸ್ ಯುನೀಸ್, ರೋಬರ್ಟಾನೇ... ಏನಂದ್ರಿ?... ನನ್ನ ಬೋರ್ಡಾ?... ನನ್ನ ಮುಖಾನಾ?”

ಮಿಸ್ ಯುನೀಸ್ ಎಂದರೆ ಕೋಚ್‌ನ ತಾಯಿ. ಮಗನ ಮನೆಯಲ್ಲೇ ಇರುವ ಮುದುಕಿ. (ನಮ್ಮ ಕಡೆ ಹಿರಿಯ ಹೆಂಗಸರಿಗೆ, ಮದುವೆಯಾಗಿದ್ದರೂ, ಮರ್ಯಾದೆಗೆ ‘ಮಿಸ್’ ಎನ್ನುತ್ತೇವೆ.) ಕೋಳಿಯ ತುಂಡನ್ನು ಮತ್ತೆ ತಟ್ಟೆಯಲ್ಲೇ ಇಟ್ಟೆ. ಆಗ ಹೊಳೆಯಿತು ನೋಡಿ. ಬೋರ್ಡಿಗೆ ಎರಡು ಮುಖ! ಬೀದಿಯ ಕಡೆಗೆ ಕಾಗದ ಅಂಟಿಸಿದ್ದೆ, ಮನೆಯ ಕಡೆಗೆ ಅಂಟಿಸುವುದನ್ನೇ ಮರೆತಿದ್ದೆ. ನನ್ನ ಧರ್ಮಪತ್ನಿ ಬೆಳಗಿನಿಂದ ಮುದುಕಿಯ ಕಿಟಕಿಯೊಳಕ್ಕೆ ನೋಡುತ್ತ ಹಲ್ಲುಬಿಡುತ್ತಿದ್ದಳು.

“ಯಾರೋ ನನ್ನ ಬೋರ್ಡು ಕದ್ದು ಕೋಚ್ ಮನೆ ಮುಂದೆ ನೆಟ್ಟಿದ್ದಾರೆ ಓರ್ವಿಲ್!” ರೋಬರ್ಟಾ ಫೋನಿಟ್ಟು ಎದ್ದಳು. “ಒಪ್ಪಿಗೆ ಇಲ್ದೆ ಒಬ್ರ ಮನೇನ ಮಾರಾಟಕ್ಕಿಟ್ಟೆ ಅಂತ ಆದ್ರೆ ನನ್ನ ಹೆಸರು ಏನಾಗತ್ತೆ? ಇನ್ನು ಯಾರು ನನ್ನ ಹತ್ರ ಬರ್ತಾರೆ? ನಡಿ, ಹಾರೆ ತಗೋ.”

“ಕಾಲೇಜು ಹುಡುಗ್ರ ಕೆಲಸ ಇರ್ಬೇಕು ಕಣೇ” ಎಂದೆ. ನನ್ನ ಧ್ವನಿ ನನಗೇ ಬೇರೆಯವರದ್ದೆನಿಸಿತು.

ಹೋಗಿ ನೋಡಿದರೆ ಮಿಸ್ ಯುನೀಸ್ ಜಗಲಿಯ ಕುರ್ಚಿಯಲ್ಲಿ ಹ್ಯಾಟು ಹಾಕಿಕೊಂಡು ಕೂತಿದ್ದಾರೆ. ಕಾಲ ಬಳಿ ಹಳೆಯ ಸೂಟ್‌ಕೇಸು. ಸೂಟ್‌ಕೇಸಿನ ಮೇಲೆ ಗಂಡನ ಫೋಟೋ. ಚೆನ್ನಾಗಿ ಅತ್ತು, ಮುಖ ತೊಳೆದು, ಪೌಡರು ಹಾಕಿಕೊಂಡಿದ್ದರು.

“ಬಾ ಮಗಳೇ. ನಿನ್ನ ಮೇಲೇನೂ ಕೋಪ ಇಲ್ಲ, ನಿನ್ನ ಕೆಲಸ ನೀನು ಮಾಡ್ದೆ. ಲೈಲ್ ನಂಗೊಂದು ಮಾತು ಹೇಳಿದ್ರೆ ಸಾಕಿತ್ತು. ನನ್ನನ್ನ ವೃದ್ಧಾಶ್ರಮಕ್ಕೆ ಸೇರಿಸ್ತಾನೋ ಏನೋ. ಅದಕ್ಕೇ ಹೇಳೋಕೆ ನಾಚಿಕೆ ಆಗಿರ್ಬೇಕು ಪಾಪ.”

“ಅಯ್ಯೋ ಮಿಸ್ ಯುನೀಸ್, ಇದು ನಾನು ಹಾಕಿದ್ದಲ್ಲ! ಯಾರೋ ಪುಂಡರು.”

ಮುದುಕಿ ತಲೆಯಾಡಿಸಿದರು. “ಪುಂಡರ ಬೋರ್ಡು ನಂಗೊತ್ತಿಲ್ವಾ? ಹೋದ ಊರಲ್ಲಿ ನೆಟ್ರು, ಅದರ ಹಿಂದಿನ ಊರಲ್ಲೂ ನೆಟ್ರು. ರಟ್ಟಿನ ಚೂರು, ಕೆಟ್ಟ ಅಕ್ಷರ, ಗಾಳಿ ಬಂದ್ರೆ ಬಿದ್ದೋಗೋದು. ನೋಡಿ ನಕ್ಕು ಸುಮ್ನಾಗ್ತಿದ್ವಿ. ಇದು ನೋಡು, ನಿನ್ನ ಮುಖ ಇದೆ, ಫೋನ್ ನಂಬರಿದೆ, ಕಂಬ ಎಷ್ಟು ನೆಟ್ಟಗಿದೆ! ನನ್ನ ಚೆಂಡುಹೂವಿನ ಗಿಡಾನ ಬೇರೆ ಪಕ್ಕಕ್ಕೆ ನೆಟ್ಟು ನೀರು ಹಾಕಿದ್ದಾರೆ. ಇಷ್ಟು ಮರ್ಯಾದೆಯಿಂದ ಮಾಡಿದ್ದು ಸುಳ್ಳು ಅಂದ್ರೆ ಯಾರು ನಂಬ್ತಾರೆ?”

ರೋಬರ್ಟಾ ನಿಧಾನವಾಗಿ ಬೋರ್ಡಿನ ಬಳಿ ಹೋದಳು. ಕಂಬವನ್ನು ನೋಡಿದಳು. ಬುಡದಲ್ಲಿ ಚೌಕವಾಗಿ ಕೂರಿಸಿದ ಹುಲ್ಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮದುವೆಯಾದಂದಿನಿಂದ ನಾನು ಅವಳ ಎಷ್ಟೋ ಬಗೆಯ ನೋಟಗಳನ್ನು ಕಂಡು ಅರಗಿಸಿಕೊಂಡಿದ್ದೇನೆ. ಇದರಲ್ಲಿ ಕೋಪವೇ ಇರಲಿಲ್ಲ, ಅದಕ್ಕೇ ಇದು ಅರಗಲಿಲ್ಲ.

ಅಷ್ಟರಲ್ಲಿ ಕೋಚ್ ಟಕೆಟ್ ಬಂದರು. ನಿನ್ನೆಯ ಸೋಲಿನ ವಿಡಿಯೋವನ್ನು ಬೆಳಗಿನಿಂದ ಕಾಲೇಜಿನಲ್ಲಿ ಕೂತು ನೋಡಿ ಕಣ್ಣು ಕೆಂಪಾಗಿತ್ತು. ಟೀವಿಯಲ್ಲಿ ರಾಕ್ಷಸನಂತೆ ಕಾಣುವ ಮನುಷ್ಯ ಹತ್ತಿರದಿಂದ ನೋಡಿದರೆ ನನಗಿಂತ ಗಿಡ್ಡ. ಬೋರ್ಡು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಸೂಟ್‌ಕೇಸು ನೋಡಿದರು.

“ಅಮ್ಮ, ಇದೇನಿದು?” ಎಂದು ಮುದುಕಿಯ ಮುಂದೆ ಮಂಡಿಯೂರಿದರು. “ನಿನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ಕೆಲಸದಿಂದ ತೆಗೆದ್ರೆ ಇಬ್ರೂ ಒಟ್ಟಿಗೇ ಹೋಗೋಣ. ಯಾವತ್ತಾದ್ರೂ ನಿಂಗೆ ಹೇಳ್ದೆ ಏನಾದ್ರೂ ಮಾಡಿದ್ದೀನಾ?”

ಮುದುಕಿ ಮಗನ ತಲೆಯ ಮೇಲೆ ಕೈಯಿಟ್ಟು ಮತ್ತೆ ಅತ್ತರು. ನಾನು ಹಾರೆ ಹಿಡಿದು ಹೂಗಿಡಗಳನ್ನು ನೋಡುತ್ತ ನಿಂತೆ. ಆ ಹಾರೆಯಿಂದಲೇ ಅಲ್ಲೇ ಒಂದು ಗುಂಡಿ ತೋಡಿ ಒಳಗೆ ಇಳಿದುಬಿಡೋಣ ಎನಿಸಿತು.

ರೋಬರ್ಟಾ ಮುಂದೆ ಬಂದಳು. “ಕೋಚ್, ಬೋರ್ಡು ನನ್ನದು. ಗ್ಯಾರೇಜಿಗೆ ಬೀಗ ಹಾಕದೇ ಇದ್ದದ್ದು ನನ್ನ ತಪ್ಪು. ನಿಮ್ಮ ತಾಯಿ ಹತ್ರ ನಾನು ಕ್ಷಮೆ ಕೇಳ್ತೀನಿ. ಬೇಕಾದ್ರೆ ಚರ್ಚಲ್ಲಿ ಎಲ್ರ ಮುಂದೇನೂ ಕೇಳ್ತೀನಿ.”

ನನ್ನ ಹೆಸರೇ ಎತ್ತಲಿಲ್ಲ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮಾಡಿದ ಹೊಲಸನ್ನು ಅವಳು ತನ್ನ ಮೈಮೇಲೆ ಹಾಕಿಕೊಂಡು, ತಗ್ಗದ ತಲೆಯನ್ನು ತಗ್ಗಿಸಿ ನಿಂತಿದ್ದಳು. ಮಿಸ್ ಯುನೀಸ್ ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದರು. ‘ಕಾಲೇಜು ಹುಡುಗರು’ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಒಂದು ಒದೆತ, ಚೆಂಡು ದೂರ, ನಾನು ಕ್ಷೇಮ.

“ನಾನೇ” ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. “ನಾನೇ ನೆಟ್ಟಿದ್ದು ಮ್ಯಾಮ್. ಇವಳಿಗೆ ಗೊತ್ತೇ ಇಲ್ಲ. ಇವಳನ್ನ ಚರ್ಚಿಗೆ ಕಳಿಸಿ ನೆಟ್ಟೆ.”

“ಗೊತ್ತು ಕಣಪ್ಪ” ಎಂದರು ಮುದುಕಿ. “ಬೆಳಿಗ್ಗೆ ಕಿಟಕಿಯಿಂದ ನೋಡ್ದೆ. ಏಜೆಂಟಮ್ಮ ಕಳಿಸಿದ ಆಳು ಅಂದ್ಕೊಂಡಿದ್ದೆ. ಪುಂಡರ ಮಾತು ಬಂದಾಗ ನಿನ್ನ ಮುಖ ಬಿಳಚಿಕೊಳ್ತಲ್ಲ, ಆಗ ಅರ್ಥ ಆಯ್ತು. ಇವ್ನು ಒದೀತಾನೋ ನುಗ್ತಾನೋ ನೋಡೋಣ ಅಂತ ಸುಮ್ನೆ ಕೂತಿದ್ದೆ. ಹೋಗ್ಲಿ, ಯಾಕೆ ನೆಟ್ಟೆ?”

“ಒಂದು ಗಜ ಮ್ಯಾಮ್...” ನನಗೂ ಅಳು ಬಂದಿತ್ತು. “ಒಂದೇ ಗಜ ಇತ್ತು...”

“ಕೇಳಿದ್ಯಾ ಲೈಲ್!” ಮುದುಕಿ ಕುರ್ಚಿಯ ಕೈ ಗುದ್ದಿದರು. “ನಾನು ಬಡ್ಕೊಳ್ತಿರೋದೂ ಅದನ್ನೇ! ಯಾಕೋ ಒದೆಸ್ತೀಯ?”

“ಅಮ್ಮ, ನಮ್ಮ ಮುಂದಿನ ಸಾಲಿನ ಹುಡುಗ್ರಿಗೆ ಅಷ್ಟು ಬಲ ಇಲ್ಲಮ್ಮ...”

“ನಿಮ್ಮಪ್ಪಂಗೂ ಇರ್ಲಿಲ್ಲ. ಆದ್ರೂ ನನ್ನನ್ನ ಮದುವೆಗೆ ಕೇಳೋಕೆ ಧೈರ್ಯವಾಗಿ ಬಂದ್ರು.”

ಕೋಚ್ ನನ್ನ ಕಡೆ ತಿರುಗಿ ಕೈ ಚಾಚಿದರು. ಹೊಡೆಯುತ್ತಾರೆಂದುಕೊಂಡೆ. ಕೈಕುಲುಕಿದರು. “ಮೂರು ಊರಲ್ಲಿ ನನ್ನ ಅಂಗಳದಲ್ಲಿ ಬೋರ್ಡು ನೆಟ್ಟಿದ್ದಾರೆ ಮಿಸ್ಟರ್ ಪ್ರೂಟ್. ನೇರವಾಗಿ ನೆಟ್ಟವರು ನೀವೊಬ್ರೇ” ಎಂದರು. ಹೊಡೆದಿದ್ದರೇ ವಾಸಿಯಿತ್ತು.

ತಪ್ಪಿಗೆ ಶಿಕ್ಷೆ ವಿಧಿಸಿದವರು ಮಿಸ್ ಯುನೀಸ್. ಮುಂದಿನ ಶನಿವಾರದ ಪಂದ್ಯಕ್ಕೆ ನಾನು ಕ್ರೀಡಾಂಗಣದಲ್ಲಿ ಅವರ ಪಕ್ಕ, ಕೋಚ್ ಮನೆಯವರ ಸಾಲಿನಲ್ಲಿ ಕೂರಬೇಕು. ಇದೂ ಒಂದು ಶಿಕ್ಷೆಯೇ ಎಂದುಕೊಂಡೆ. ಕೂತ ಮೇಲೆ ಗೊತ್ತಾಯಿತು. ಹಿಂದಿನ ಸಾಲುಗಳಿಂದ ಬಂದ ಬೈಗುಳಗಳೆಲ್ಲ ನನ್ನ ಬೈಗುಳಗಳೇ, ಅದೇ ಪದ, ಅದೇ ರಾಗ. ನನ್ನ ಸೋಫಾದಿಂದ ಹೊರಟವು ಎಲ್ಲಿ ಹೋಗಿ ಬೀಳುತ್ತವೆಂದು ನಾನು ಯೋಚಿಸಿಯೇ ಇರಲಿಲ್ಲ. ಮುದುಕಿಯ ಹ್ಯಾಟಿನ ಮೇಲೆ ಬೀಳುತ್ತಿದ್ದವು. ಅವರು ಕಡಲೆಕಾಯಿ ಸುಲಿಯುತ್ತ, ಕೇಳಿಸದವರಂತೆ, ನನಗೂ ಒಂದೊಂದು ಕೊಡುತ್ತಿದ್ದರು. ನಾನು ಅವನ್ನೆಲ್ಲ ಜೇಬಿಗೆ ಹಾಕಿಕೊಂಡೆ.

ಕೊನೆಯ ನಿಮಿಷ. ನಾವು ಒಂದಂಕ ಮುಂದಿದ್ದೆವು, ಈ ಋತುವಿನಲ್ಲಿ ಮೊದಲ ಬಾರಿಗೆ! ನಮ್ಮ ಗಡಿಯ ಹತ್ತಿರವೇ ಚೆಂಡು, ನಾಲ್ಕನೆಯ ಅವಕಾಶ, ಒಂದು ಗಜ ಬಾಕಿ. ಅಲ್ಲಿ ಚೆಂಡು ಎದುರಾಳಿಗಳಿಗೆ ಸಿಕ್ಕರೆ ಕಥೆ ಮುಗಿಯಿತು, ಎಂಥ ಮುಠ್ಠಾಳನಾದರೂ ಒದೆಸುತ್ತಾನೆ. ಕೋಚ್ ತಲೆಯೆತ್ತಿ ನಮ್ಮ ಕಡೆ ನೋಡಿದರು. ಮಿಸ್ ಯುನೀಸ್ ಮುಷ್ಟಿ ಬಿಗಿದು ತೋರಿಸಿದರು.

“ಬೇಡ ಮ್ಯಾಮ್, ಈಗ ಬೇಡ! ಈಗ ಒದೀಲಿ!” ಎಂದು ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ಮುಳ್ಳುಹಂದಿಗಳು ನುಗ್ಗಿದವು. ಒಂದು ಗೇಣು ಕಡಿಮೆಯಾಯಿತು. ಚೆಂಡು ಎದುರಾಳಿಗಳ ಪಾಲಾಯಿತು, ಪಂದ್ಯವೂ ಹೋಯಿತು.

ಸಂಜೆ ರೇಡಿಯೋದಲ್ಲಿ ಕೋಚ್ ಎಂದಿನ ವಿನಯದಿಂದ ಮಾತಾಡಿದರು. “ತಪ್ಪು ನನ್ನದೇ. ಆದ್ರೆ ಇವತ್ತು ಹುಡುಗ್ರು ಧೈರ್ಯದಿಂದ ನುಗ್ಗಿದ್ರು. ಆ ಧೈರ್ಯ ಕೊಟ್ಟ ನಮ್ಮಮ್ಮಂಗೆ, ಮತ್ತೆ ನಮ್ಮೂರಿನ ಮಿಸ್ಟರ್ ಓರ್ವಿಲ್ ಪ್ರೂಟ್ ಅವ್ರಿಗೆ ಥ್ಯಾಂಕ್ಸ್ ಹೇಳ್ತೀನಿ.”

ರೋಬರ್ಟಾ ಸದ್ದು ಕಡಿಮೆ ಮಾಡಿ, “ಪಾಪ, ಎಂಥ ಒಳ್ಳೆ ಮನುಷ್ಯ” ಎಂದಳು.

ಭಾನುವಾರ ಬೆಳಿಗ್ಗೆ ಪೇಪರು ತರಲು ಬಾಗಿಲು ತೆರೆದೆ. ನಮ್ಮ ಅಂಗಳದಲ್ಲಿ ರಟ್ಟಿನ ಬೋರ್ಡೊಂದು ಕೋಲಿನ ಮೇಲೆ ವಾಲಿಕೊಂಡು ನಿಂತಿತ್ತು. ‘ಮನೆ ಮಾರಾಟಕ್ಕಿದೆ. ಸಲಹೆ ಉಚಿತ.’

ಚರ್ಚಿಗೆ ಹೊರಟಿದ್ದ ರೋಬರ್ಟಾ ನನ್ನ ಹಿಂದೆ ಬಂದು ನಿಂತಳು. ನಾನು ಕೀಳಲು ಕೈ ಹಾಕಿದೆ.

“ಮುಟ್ಟಬೇಡ. ನಾನು ಹೇಳೋವರೆಗೂ ಇರ್ಲಿ” ಎಂದಳು. ಆಮೇಲೆ ಏಜೆಂಟಿನ ಕಣ್ಣಿನಿಂದ ಒಮ್ಮೆ ಅಳೆದು ನೋಡಿದಳು. “ಛೆ, ಎಷ್ಟು ಸೊಟ್ಟಗಿದೆ. ನನ್ನ ಮನೆ ಮುಂದೆ ಸೊಟ್ಟ ಬೋರ್ಡು ಇದ್ರೆ ಜನ ಏನಂತಾರೆ?”

ಊರಿನ ಕಾರುಗಳೆಲ್ಲ ಒಂದೊಂದಾಗಿ ಹಾರ್ನು ಹೊಡೆಯುತ್ತ ಚರ್ಚಿನ ಕಡೆಗೆ ಹೋಗುತ್ತಿದ್ದವು. ನಾನು ಗ್ಯಾರೇಜಿನಿಂದ ಹಾರೆ ಮತ್ತು ರಸಮಟ್ಟ ತಂದು, ತಲೆ ತಗ್ಗಿಸಿ, ಹುಲ್ಲಿನ ಮೇಲೆ ಮಂಡಿಯೂರಿದೆ.