ಬೆಂಚಿಗೆ ಬಂದ ಆಕ್ಷೇಪಣೆ

ಸರ್ಕಾರ ಪ್ರಜೆಗಳ ಮಾತು ಕೇಳುವುದಿಲ್ಲ ಎಂಬ ವಿಷಯವನ್ನು ನಾನೂ ನನ್ನ ಗೆಳೆಯನೂ ಒಂಬತ್ತು ವರ್ಷ ನಿಂತುಕೊಂಡು ಚರ್ಚಿಸಿದ್ದೇವೆ. ನಿಂತುಕೊಂಡು ಎಂಬುದನ್ನು ಓದುಗರು ಗಮನಿಸಬೇಕು. ನಾವು ಸೇರುತ್ತಿದ್ದ ವಾಚನಾಲಯದ ಮೂಲೆಯಲ್ಲಿ ಕೂರಲು ಬೆಂಚಿರಲಿಲ್ಲ. ಒಂದು ಬೆಂಚು ಹಾಕಿಸಿ ಎಂದು ನಗರಸಭೆಗೆ ಅರ್ಜಿ ಬರೆದಿದ್ದೆ. ಉತ್ತರ ಬರಲಿಲ್ಲ. ಸರ್ಕಾರದ ಕಿವುಡುತನಕ್ಕೆ ಆಮೇಲೆ ನಮಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಗೆಳೆಯ ತೀರಿಕೊಂಡು ನಾಲ್ಕು ತಿಂಗಳಾಯಿತು. ಕನ್ನಡಕದಂಗಡಿ ಇಟ್ಟಿದ್ದ, ಅಂಗಡಿಯ ಮೇಲೇ ಮನೆ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತನಾದವನು. ನನ್ನ ಕಣ್ಣು ಕೆಡಿಸುವುದು ಅಚ್ಚುಕೂಟದ ಕೆಲಸ, ಸರಿಪಡಿಸುವುದು ಅವನ ಕೆಲಸ. ಈಗ ಮೂಗಿನ ಮೇಲಿರುವ ಕನ್ನಡಕವೂ ಅವನು ಮಾಡಿಕೊಟ್ಟದ್ದೇ. ಕೊನೆಯದು.

ದಿನಾ ಸಂಜೆ ಐದೂವರೆಗೆ ಮೂಲೆಯಲ್ಲಿ ಸೇರುತ್ತಿದ್ದೆವು. ನಿಂತು ನಿಂತು ಕಾಲು ಸೋತರೆ ಅವನ ಅಂಗಡಿಯವರೆಗೆ ನಡೆಯುವುದು. ಅಷ್ಟರಲ್ಲಿ ಮಾತು ಮುಗಿದಿರುವುದಿಲ್ಲವಾದ್ದರಿಂದ ಅವನು ನನ್ನನ್ನು ನಮ್ಮ ಗೇಟಿನವರೆಗೆ ಬಿಡುವುದು. ಪಾಪ, ಒಬ್ಬನೇ ಹೋಗಬೇಕಲ್ಲ ಎಂದು ನಾನು ಮತ್ತೆ ಅವನನ್ನು ಅಂಗಡಿಗೆ ಬಿಡುವುದು. ಹೀಗೆ ನಾಲ್ಕೈದು ಸಲ.

ನನಗೆ ಸಕ್ಕರೆ ಕಾಯಿಲೆ. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದಾಗ, ಗುರಿಯಿಲ್ಲದೆ ಸುತ್ತುವುದು ಗಾಣದ ಎತ್ತಿಗೆ ಒಪ್ಪುತ್ತದೆ, ನನಗಲ್ಲ ಎಂದು ಖಡಾಖಂಡಿತವಾಗಿ ತಿಳಿಸಿದ್ದೆ. ನಾನು 'ವಾಕಿಂಗ್' ಎಂಬುದನ್ನು ಒಂದು ದಿನವೂ ಮಾಡದೆ ಸಕ್ಕರೆ ಇಳಿಯಿತು. ಇದೆಲ್ಲ ಮನೋಬಲ ಎಂದು ಡಾಕ್ಟರಿಗೂ ಹೆಂಡತಿಗೂ ವಿವರಿಸಿದ್ದೆ. (ಹೆಂಡತಿ ಎದುರು ಮಾತಾಡಲಿಲ್ಲ. ಅನುಮಾನ ಬರಬೇಕಾದದ್ದು ಆಗಲೇ.)

ನಾಲ್ಕು ತಿಂಗಳಿಂದ ಆ ಮೂಲೆಗೆ ಹೋಗಿಲ್ಲ. ಐದೂವರೆಗೆ ಕುರ್ಚಿಯಲ್ಲಿ ಕೂತಿರುತ್ತೇನೆ. ಸಕ್ಕರೆ ಮತ್ತೆ ಏರಿದೆ. ಮನೋಬಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಹೀಗಿರುವಾಗ ನಗರಸಭೆಗೆ ಹೊಸ ಅಧಿಕಾರಿಣಿ ಬಂದರು. ಇನ್ನು ಮುಂದೆ ತೀರ್ಮಾನಗಳೆಲ್ಲ ನಾಗರಿಕರದೇ, ಸಭೆಗೆ ಬನ್ನಿ, ಸಲಹೆ ಕೊಡಿ ಎಂದು ಮನೆಮನೆಗೆ ಚೀಟಿ ಹಂಚಿಸಿದರು. ನನಗೆ ಯೋಚನೆ ಹೊಳೆಯಿತು. ಅದೇ ಬೆಂಚು, ಅದೇ ಮೂಲೆ, ಈ ಸಲ ಗೆಳೆಯನ ಹೆಸರಿನಲ್ಲಿ. ಅವನಿಗಾಗಿ ನಾನು ಮಾಡಬಹುದಾದದ್ದು ಇನ್ನೇನೂ ಉಳಿದಿರಲಿಲ್ಲ. ಅರ್ಜಿ ಹಾಕಿದೆ. ನಾಲ್ಕು ಪುಟದ ಭಾಷಣ ಬರೆದು ಅಡುಗೆಮನೆಯಲ್ಲಿ ಹೆಂಡತಿಗೆ ಓದತೊಡಗಿದೆ.

"ಬೆಂಚು ಬೇಡ," ಎಂದಳು, ಎರಡನೆಯ ಪುಟಕ್ಕೆ.

"ಯಾಕೆ?"

"ಬೇರೆ ಏನಾದ್ರೂ ಮಾಡಿಸಿ. ಒಂದು ಗಿಡ ನೆಡಿಸಿ."

"ಗಿಡದ ಮೇಲೆ ಕೂರೋಕಾಗುತ್ತಾ?"

"ಅದಕ್ಕೇ ಹೇಳ್ತಿರೋದು."

"ಬಾಯ್ತುಂಬ ಅಣ್ಣ ಅಣ್ಣ ಅಂತಿದ್ಯಲ್ಲ, ಅವನ ಹೆಸರಲ್ಲಿ ಒಂದು ಬೆಂಚು ಬಂದ್ರೆ ನಿನಗೇನು ಹೊಟ್ಟೆನೋವು?"

ಅವಳು ಒಲೆ ಚಿಕ್ಕದು ಮಾಡಿದಳು. "ರೀ, ಅಲ್ಲಿ ಹಳೇ ಫೈಲೆಲ್ಲ ತೆಗೀತಾರಾ?"

"ತೆಗೀಲಿ! ನನ್ನ ಒಂಬತ್ತು ವರ್ಷದ ಹಿಂದಿನ ಅರ್ಜಿ ಸಿಕ್ಕಿದ್ರೆ ಅವರ ಮುಖಕ್ಕೆ ಮಂಗಳಾರತಿ ಆಗುತ್ತೆ."

"ಹಾಗಾದ್ರೆ ನಾನೂ ಬರ್ತೀನಿ," ಎಂದಳು.

ನನಗೆ ಬೆಂಬಲ ಎಂದು ತಿಳಿದು ಹಿಗ್ಗಿದೆ.

ಸಭೆಯಲ್ಲಿ ನಮ್ಮನ್ನು ಬಿಟ್ಟು ಒಂಬತ್ತು ಮಂದಿ ಮಹಾಪ್ರಜೆಗಳಿದ್ದರು. ಪ್ರತಿಯೊಬ್ಬರಿಗೂ ಒಂದು ಹಸಿರು ಚೀಟಿ, ಒಂದು ಕೆಂಪು ಚೀಟಿ. ಒಪ್ಪಿಗೆಗೆ ಹಸಿರು ಎತ್ತಬೇಕು, ಆಕ್ಷೇಪಣೆಗೆ ಕೆಂಪು. ಇಸ್ತ್ರಿ ಅಂಗಡಿಯವನು ಬೀದಿದೀಪದ ವಿಷಯಕ್ಕೆ ಎರಡನ್ನೂ ಎತ್ತಿ, "ದೀಪ ಬೇಕು ಮೇಡಂ, ನಮ್ಮ ಕಿಟಕಿಗೆ ಬೇಡ" ಎಂದ. ಅದನ್ನೂ ಬರೆದುಕೊಂಡರು.

ನನ್ನ ಸರದಿ ಬಂತು. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ.

"ಒಂದು ನಿಮಿಷ ಸಾರ್," ಎಂದರು ಅಧಿಕಾರಿಣಿ. "ಈ ಜಾಗಕ್ಕೆ ಹಿಂದೆಯೂ ನೀವೇ ಬೆಂಚು ಕೇಳಿದ್ರಿ. ಒಂದು ಆಕ್ಷೇಪಣೆ ಬಂದು ಅರ್ಜಿ ಮುಚ್ಚಿದ್ದಾರೆ. ಅದನ್ನ ಮೊದಲು ಸಭೆಗೆ ಓದಬೇಕು, ನಿಯಮ."

"ಆಕ್ಷೇಪಣೆಯೇ? ಬೆಂಚಿಗೆ? ಯಾವನಮ್ಮ ಆ ಮಹಾನುಭಾವ?"

"ಅಕ್ಷರ ಬರಬರ್ತಾ ತೀರಾ ಸಣ್ಣ ಸಾರ್. ನನಗೆ ಓದೋಕಾಗ್ತಿಲ್ಲ. ನೀವೇ ಓದ್ತೀರಾ?"

ಫೈಲು ಕೈಗೆ ಬಂತು. ಮೇಲೆ ನನ್ನ ಅರ್ಜಿ, ಸ್ವೀಕೃತಿ ಸಂಖ್ಯೆ ನೂರಹದಿನಾಲ್ಕು. ಅದರ ಕೆಳಗೆ ಆಕ್ಷೇಪಣೆ, ನೂರಹದಿನೈದು. ಒಂದೇ ದಿನ, ಒಂದೇ ಮೊಹರು. ಆ ಅರ್ಜಿಯನ್ನು ಕೊಟ್ಟುಬರಲು ಗೆಳೆಯನೇ ಒಯ್ದಿದ್ದ. 'ನೀನು ಯಾಕೆ ಸುಮ್ಮನೆ ಮೆಟ್ಟಿಲು ಹತ್ತುತ್ತೀ, ನಾನು ಕೊಟ್ಟು ಬರ್ತೀನಿ ಕಣೋ' ಎಂದಿದ್ದ. ಆಮೇಲೆ ತಿಂಗಳುಗಟ್ಟಲೆ ನೋಟೀಸು ಬೋರ್ಡು ನೋಡಿ ಬರುತ್ತಿದ್ದವನೂ ಅವನೇ. 'ಇನ್ನೂ ಏನೂ ಹಚ್ಚಿಲ್ಲ' ಎನ್ನುತ್ತಿದ್ದ.

ಕಾಗದದ ಮೊದಲ ಸಾಲು ಹೆಬ್ಬೆರಳಿನ ಗಾತ್ರ, ಎರಡನೆಯದು ಅದಕ್ಕಿಂತ ಚಿಕ್ಕದು, ಮೂರನೆಯದು ಇನ್ನೂ ಚಿಕ್ಕದು. ಕಣ್ಣು ಪರೀಕ್ಷೆಯ ಬೋರ್ಡಿನ ಹಾಗೆ ಕಾಗದ ಬರೆಯುವವನು ನನಗೆ ಗೊತ್ತಿರುವಂತೆ ಊರಿಗೆ ಒಬ್ಬನೇ ಇದ್ದ.

ಓದಿದೆ.

"ಮಾನ್ಯರೇ, ಬೆಂಚು ಬೇಡ.

"ಅರ್ಜಿದಾರ ನನ್ನ ಗೆಳೆಯ. ಸಕ್ಕರೆ ಕಾಯಿಲೆಯವನು. ನಡೆಯಲು ಹೇಳಿದರೆ ಡಾಕ್ಟರ ಮಾತಿನಲ್ಲೂ ತಪ್ಪು ತಿದ್ದುತ್ತಾನೆ.

"ಮೂಲೆಯಲ್ಲಿ ಕೂರಲು ಜಾಗವಿಲ್ಲದ ಕಾರಣ ಮಾತು ಮುಗಿಯುವವರೆಗೆ ನನ್ನ ಜೊತೆ ನಡೆಯುತ್ತಾನೆ. ದೇವರ ದಯೆಯಿಂದ ಅವನ ಮಾತು ಮುಗಿಯುವುದಿಲ್ಲ. ಈ ವ್ಯವಸ್ಥೆಗೆ ಸರ್ಕಾರದ ಬೊಕ್ಕಸದಿಂದ ಏನೂ ಖರ್ಚಿಲ್ಲ. ದಯವಿಟ್ಟು ಕೆಡಿಸಬೇಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಸ್ತ್ರಿ ಅಂಗಡಿಯವನು, "ಅದಕ್ಕೇ ಇವರು ಬಸ್ಸಿನ ಥರಾ ಓಡಾಡ್ತಿದ್ರು!" ಎಂದ.

ಕೊನೆಯ ಸಾಲು ಇರುವೆ ಸಾಲಿನಷ್ಟಿತ್ತು. ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಕಾಗದವನ್ನು ಹತ್ತಿರ ತಂದೆ. ಅವನು ಕೊಟ್ಟ ನಂಬರು ಸರಿಯಾಗಿತ್ತು. ಸ್ಪಷ್ಟವಾಗಿ ಕಾಣುತ್ತಿತ್ತು.

"ಇದು ಅವನಿಗೆ ತಿಳಿಯದಿರಲಿ. ತಿಳಿದರೆ ಹಟಕ್ಕೆ ಮನೆಯಲ್ಲಿ ಕೂತುಬಿಡುತ್ತಾನೆ. ನನಗೆ ಒಬ್ಬನೇ ನಡೆದು ಅಭ್ಯಾಸವಿಲ್ಲ."

ಸಹಿ ಎರಡಿದ್ದವು. ಎರಡನೆಯದನ್ನು ನಾನು ಮೂವತ್ತೈದು ವರ್ಷದಿಂದ ನಮ್ಮ ಮನೆಯ ದೋಬಿ ಲೆಕ್ಕದ ಪುಸ್ತಕದಲ್ಲಿ ನೋಡುತ್ತ ಬಂದಿದ್ದೇನೆ.

"ಆಕ್ಷೇಪಣೆದಾರರು ಸಭೆಯಲ್ಲಿ ಇದ್ದಾರಾ?" ಎಂದು ಅಧಿಕಾರಿಣಿ ಕೇಳಿದರು.

"ಒಬ್ಬರು ಇಲ್ಲ," ಎಂದೆ.

"ಇನ್ನೊಬ್ಬಳು ಇದ್ದೀನಿ," ಎಂದು ನನ್ನ ಹೆಂಡತಿ ಎದ್ದು ನಿಂತಳು. "ಹಿಂದಕ್ಕೆ ತಗೊಳ್ಳಲ್ಲ ಮೇಡಂ. ಅಣ್ಣ ಇದ್ದಿದ್ರೆ ಅವರೂ ತಗೊಳ್ತಿರಲಿಲ್ಲ."

"ಅರ್ಜಿದಾರರು ಉತ್ತರ ಹೇಳಬಹುದು."

ನಾಲ್ಕು ಪುಟ ಕೈಯಲ್ಲಿತ್ತು. ಅದರಲ್ಲಿ 'ಕಿವುಡು ಸರ್ಕಾರ' ಎಂಬ ಪದ ಏಳು ಸಲ ಬರುತ್ತಿತ್ತು. ಸರ್ಕಾರ ಒಂಬತ್ತು ವರ್ಷದ ಹಿಂದೆಯೇ ಒಬ್ಬ ಪ್ರಜೆಯ ಮಾತನ್ನು ಅಕ್ಷರ ಬಿಡದೆ ಕೇಳಿತ್ತು. ಆ ಪ್ರಜೆ ನಾನಾಗಿರಲಿಲ್ಲ, ಅಷ್ಟೇ.

"ಈ ಕಾಗದದ್ದು ಒಂದು ನಕಲು ಸಿಗುತ್ತಾ?" ಎಂದೆ.

"ಅರ್ಜಿ ಕೊಡಿ ಸಾರ್. ಮೂವತ್ತು ದಿನದೊಳಗೆ ಕೊಡ್ತೀವಿ."

ಚೀಟಿ ಎತ್ತಲು ಹೇಳಿದರು. ಅಧಿಕಾರಿಣಿ ಎಣಿಸಿದರು, ನನ್ನ ಹತ್ತಿರ ಬಂದು ನಿಂತರು.

"ಸಾರ್, ಬೆಂಚು ಕೇಳಿದವರು ನೀವು. ಕೆಂಪು ಎತ್ತಿದ್ದೀರಿ."

"ಹೌದಮ್ಮ."

ಹನ್ನೊಂದಕ್ಕೆ ಹನ್ನೊಂದೂ ಕೆಂಪು. ಅವರ ಅಧಿಕಾರದ ಮೊದಲ ಸರ್ವಾನುಮತದ ನಿರ್ಣಯವಂತೆ, ಫೋಟೋ ತೆಗೆಸಿದರು. ಅದರಲ್ಲಿ ನಾನು ಮಧ್ಯದಲ್ಲಿದ್ದೇನೆ.

ಹೊರಗೆ ಬಂದೆವು. ವಾಚನಾಲಯದ ಮೂಲೆ ದಾಟಿದೆವು.

"ಒಂಬತ್ತು ವರ್ಷ," ಎಂದೆ. "ನನ್ನ ಮನೋಬಲ ಅಂತ ನಾನು ಹೇಳ್ಕೊಂಡಾಗಲೆಲ್ಲ ಸುಮ್ಮನಿದ್ಯಲ್ಲೇ!"

"ನಗು ತಡ್ಕೊಳ್ಳೋಕೆ ನನಗೂ ಮನೋಬಲ ಬೇಕಿತ್ತು."

ನಮ್ಮ ಗೇಟು ಬಂತು. ನಾನು ಚಿಲಕಕ್ಕೆ ಕೈ ಹಾಕಿದೆ. ಅವಳು ನಿಲ್ಲದೆ ಮುಂದೆ ಹೋದಳು.

"ಎಲ್ಲಿಗೆ?"

"ಅಣ್ಣನ ಅಂಗಡಿವರೆಗೆ. ಅಲ್ಲಿಂದ ವಾಪಸ್ಸು. ಮತ್ತೆ ಅಂಗಡಿವರೆಗೆ. ಇವತ್ತಿನಿಂದ ದಿನಾ."

"ಅಲ್ಲ ಕಣೇ, ಇದರಲ್ಲಿ ನನ್ನ ಅಭಿಪ್ರಾಯ ಕೇಳೋರು ಯಾರೂ ಇಲ್ವಾ?"

"ಯಾಕಿಲ್ಲ? ಏನಿದ್ರೂ ಬರೆದು ಕೊಡಿ, ಮೂವತ್ತು ದಿನದಲ್ಲಿ ನೋಡ್ತೀನಿ," ಎಂದಳು. "ಈಗ ನಡೀರಿ."

ನಡೆದೆ.