ಐರಾಣಿ ಹೊರಲಾರದ ಕುತ್ತಿಗೆ

ಮಂದಿಯ ಬೆನ್ನು ನೆಟ್ಟಗೆ ಮಾಡುತ್ತೇನೆಂದು ಹೊರಟವರು ಮೊದಲು ತಮ್ಮ ಬೆನ್ನನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಬೇರೆಯವರ ತಪ್ಪು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸೊಸೆ ರೇಣುಕಾ ಮೊಬೈಲು ಹಿಡಿದು ತಲೆ ಬಗ್ಗಿಸಿ ಕೂತದ್ದು ಕಂಡರೆ ನನ್ನ ಮೈ ಉರಿಯುತ್ತಿತ್ತು. "ಬ್ಯಾನಿ ಬಂದ ಕೋಳಿ ಹಾಂಗ ಕುತ್ತಿಗಿ ಯಾಕ ಜೋತ ಬಿಟ್ಟಿ? ನಾಳೆ ಒಂದು ಕೊಡ ಎತ್ತಾಕೂ ತಾಕತ್ ಇರಾಂಗಿಲ್ಲ ನೋಡು" ಎಂದು ಬೈದು, ಒಂದು ದಿನ ಆ ಮೊಬೈಲನ್ನೇ ಕಸಿದುಕೊಂಡೆ. ಯಾರಾದರೂ ಕರೆ ಮಾಡಿದರೆ ಕೊಡುತ್ತೇನೆ, ಉಳಿದ ಹೊತ್ತು ನನ್ನ ಹತ್ತಿರವೇ ಇರಲಿ ಎಂದೆ. ಅವಳು ಮುಖ ಉಬ್ಬಿಸಿದಳು, ಆದರೆ ಕೊಟ್ಟಳು.

ಹತ್ತಿರ ಇಟ್ಟುಕೊಂಡದ್ದೇ ತಪ್ಪಾಯಿತು. ನಾನು ಶಾಲೆಯ ಮೆಟ್ಟಿಲು ಹತ್ತಿ ಬೇಗ ಇಳಿದವಳು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆದರೆ ಮೊಬೈಲಿಗೆ ಓದು ಬೇಡ, ಹೆಬ್ಬೆರಳಿದ್ದರೆ ಸಾಕು. ಮೇಲೆ ತಳ್ಳಿದರೆ ಒಬ್ಬಳು ಅತ್ತೆಯೊಡನೆ ಜಗಳವಾಡುತ್ತಾಳೆ, ಇನ್ನೊಮ್ಮೆ ತಳ್ಳಿದರೆ ಇನ್ನೊಬ್ಬಳು ರೊಟ್ಟಿ ಬಡಿಯುತ್ತಾಳೆ. ಅವಳ ರೊಟ್ಟಿ ಉಬ್ಬುವುದನ್ನು ನೋಡುತ್ತ ನಮ್ಮ ಹಂಚಿನ ಮೇಲಿನ ರೊಟ್ಟಿ ಸುಟ್ಟಿದ್ದುಂಟು. ನಮ್ಮ ಯಜಮಾನರು ಒಂದು ದಿನ ಕಟ್ಟೆಯ ಮೇಲೆ ಕೂತಿದ್ದ ನನ್ನ ಮುಂದೆ ನಿಂತು, "ಏನ್ ಕಳಕೊಂಡಿಯೇ? ಮುಂಜಾನಿಂದ ನೆಲ ನೋಡ್ಕೋತ ಕುಂತಿಯಲ್ಲ, ನಾನೂ ಹುಡುಕ್ಲೇನು?" ಎಂದರು. ಕೆಲಸ ನೋಡಿಕೊಳ್ಳಿ ಎಂದೆ, ತಲೆ ಎತ್ತದೆ.

ಕುತ್ತಿಗೆ ಹಿಡಿದುಕೊಂಡಾಗ ತಲೆದಿಂಬನ್ನು ಬೈದೆ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತೆಗೆಯಲಾಗದಾಗ, ಈಗಿನವರು ಮುಚ್ಚಳ ಮಾತ್ರ ಗಟ್ಟಿ ಮಾಡುತ್ತಾರೆ ಎಂದೆ. ಹೆಬ್ಬೆರಳ ಬುಡ ನೋಯತೊಡಗಿದಾಗ ಬೈಯಲು ಯಾರೂ ಸಿಗಲಿಲ್ಲ, ಸುಮ್ಮನೆ ಎಣ್ಣೆ ಹಚ್ಚಿದೆ. ನೀರು ಹೊರುವುದು, ಹಿಟ್ಟಿನ ಚೀಲ ಎತ್ತುವುದು ಎಲ್ಲ ತಾನಾಗಿಯೇ ರೇಣುಕಾಳ ಪಾಲಿಗೆ ಹೋಯಿತು.

ಹೀಗಿರುವಾಗ ಹುಮನಾಬಾದಿನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳು ಪೂಜಾಳ ಮದುವೆ ಬಂತು. ನಮ್ಮಲ್ಲಿ ಮದುವೆಗೆ ಮುಂಚೆ ಕುಂಬಾರರ ಮನೆಯಿಂದ ಬಣ್ಣ ಬರೆದ ಐರಾಣಿ ಗಡಿಗೆಗಳನ್ನು ಮುತ್ತೈದೆ ತಲೆಯ ಮೇಲೆ ಹೊತ್ತು ತರಬೇಕು. ದಾರಿಯಲ್ಲಿ ಒಡೆದರೆ ಹುಡುಗಿಗೆ ಒಳ್ಳೆಯದಲ್ಲ ಅನ್ನುತ್ತಾರೆ. ನಮ್ಮ ಮನೆತನದ ಐರಾಣಿಯನ್ನೆಲ್ಲ ಹೊತ್ತವಳು ನಾನೇ, ಅದೂ ಕೈ ಬಿಟ್ಟು. ಪೂಜಾ ನನ್ನ ಗಲ್ಲ ಹಿಡಿದು, "ಆಯಿ, ನನ್ನ ಐರಾಣಿ ನೀನ ಹೊರಬೇಕು. ಬ್ಯಾರೆ ಯಾರೂ ಬ್ಯಾಡ" ಎಂದಿದ್ದಳು. ರೇಣುಕಾಳ ಜೊತೆ ಹೊರಟ ಬಸ್ಸಿನಲ್ಲಿ, ದಾರಿಯ ರಾಜೇಶ್ವರ ಊರು ಯಾವಾಗ ದಾಟಿತೋ ಗೊತ್ತಾಗಲಿಲ್ಲ. ನಾನು ಮೊಬೈಲಿನಲ್ಲಿ ಬೇರೆ ಯಾರದೋ ಮದುವೆ ನೋಡುತ್ತಿದ್ದೆ.

ಕುಂಬಾರರ ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದರು. ಬೀಗರ ಹೆಂಗಸರೂ ಬಂದಿದ್ದರು. ಹುಡಗಿ ಎಂಬ ಹಳ್ಳಿಯಿಂದ ಬಂದ ನಾದಿನಿ ಗಂಗಮ್ಮ ನನ್ನ ತಲೆಯ ಮೇಲೆ ಸಿಂಬೆ ಇಟ್ಟು, ದೊಡ್ಡ ಗಡಿಗೆ, ಅದರ ಮೇಲೆ ಸಣ್ಣದನ್ನು ಇಟ್ಟಳು. ಗಡಿಗೆ ನಿಲ್ಲಲಿಲ್ಲ. ಮೆಲ್ಲಗೆ ನನ್ನ ಹಣೆಯ ಕಡೆಗೆ ಜಾರಿ ಬಂತು.

"ವೈನಿ, ಕುತ್ತಿಗಿ ಮ್ಯಾಲ ಎತ್ರಿ."

"ಎತ್ತೇನಲ್ಲಬೇ!"

"ಇದು ಎತ್ತಿದ್ದೇನ್ರಿ?" ಎನ್ನುವಷ್ಟರಲ್ಲಿ ಗಡಿಗೆ ಮತ್ತೆ ಜಾರಿತು. ಎರಡೂ ಕೈಯಿಂದ ಹಿಡಿದೆ. ಹೆಬ್ಬೆರಳು ಚುರುಕ್ಕೆಂದಿತು, ಹಿಡಿತ ಬಿಟ್ಟಿತು. ಗಂಗಮ್ಮ ಎದೆಗೊಟ್ಟು ಹಿಡಿಯದಿದ್ದರೆ ಪೂಜಾಳ ಐರಾಣಿ ಅಲ್ಲಿಯೇ ಚೂರಾಗುತ್ತಿತ್ತು. ಬೀಗರ ಹೆಂಗಸರು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರು. ಅಂಜಿಕೆಗೋ ನಗೆಗೋ ನಾನು ಕೇಳಲಿಲ್ಲ.

ಮೊಮ್ಮಗಳ ಮಾತು ದೊಡ್ಡದೋ ಗಡಿಗೆ ದೊಡ್ಡದೋ? "ನೀ ಹೊರವ್ವಾ" ಎಂದು ರೇಣುಕಾಳಿಗೆ ಹೇಳಿದೆ. ಅಷ್ಟು ಹೇಳಲು ಗಡಿಗೆ ಎತ್ತುವುದಕ್ಕಿಂತ ಹೆಚ್ಚು ಬಲ ಬೇಕಾಯಿತು. ಅವಳು ಸೆರಗು ಸಿಕ್ಕಿಸಿ, ಗಡಿಗೆ ಹೊತ್ತು, ಕೈ ಬಿಟ್ಟು ನಡೆದಳು. ಕುತ್ತಿಗೆ ಕಂಬದಂತೆ ನೆಟ್ಟಗಿತ್ತು. ಹಿಂದೆ ಖಾಲಿ ಕೈಯಲ್ಲಿ ನಾನು.

ಹಂದರದ ಬಾಗಿಲಲ್ಲಿ ಪೂಜಾ ಗಡಿಗೆ ನೋಡಿದಳು, ನನ್ನನ್ನು ನೋಡಿದಳು. ಬೀಗಿತ್ತಿ ರೇಣುಕಾಳ ಮುಂದೆ ಬಂದಳು. "ಈ ಕಾಲದಾಗ ಹಿಂಗ ಹೊರೋ ಸೊಸಿ! ಯಾರ್ ಕಲಿಸ್ಯಾರವ್ವಾ?" ಎಂದು ಕೇಳಿದಳು.

"ನಮ್ಮ ಅತ್ತೇರು ರೀ. ನನ್ನ ಮೊಬೈಲ್ ಕಸ್ಕೊಂಡು ಕಲಿಸ್ಯಾರ" ಎಂದಳು ರೇಣುಕಾ. ಆ ಮಾತಿನಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು.

"ಇಂಥ ಅತ್ತಿ ಸಿಗಾಕ ಪುಣ್ಯ ಮಾಡಿರಬೇಕ್ರಿ" ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ಆಗಲೇ ನನ್ನ ಸೊಂಟದ ಸಂಚಿಯೊಳಗೆ ಅವಳ ಮೊಬೈಲು ಗುಂಯ್ ಎಂದಿತು. ಸೆರಗಿನಿಂದ ಒತ್ತಿ ಹಿಡಿದೆ. ನಾಚಿಕೆಯಿಂದ ತಲೆ ತಗ್ಗಿಸೋಣವೆಂದರೆ ಅದು ಮೊದಲೇ ತಗ್ಗಿತ್ತು, ಇನ್ನೂ ತಗ್ಗಿಸಲು ಜಾಗವೇ ಇರಲಿಲ್ಲ. ಹಾಗೆಯೇ ನಿಂತೆ. ಬೀಗರು ಅದನ್ನು ವಿನಯ ಎಂದುಕೊಂಡರು.