ಇಂಜಿನ್ ಪಳಗಿಸಿದ ಅಳಿಯ

ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ನನ್ನಷ್ಟು ಶಾಸ್ತ್ರೋಕ್ತವಾಗಿ ಮೋಟಾರ್ ಸೈಕಲ್ ಪಳಗಿಸಿದವನು ಹಿಂದೆ ಹುಟ್ಟಿರಬಾರದು, ಮುಂದೆಯೂ ಹುಟ್ಟಬಾರದು ಎಂದು ನಾನು ಪಣ ತೊಟ್ಟದ್ದು ೧೯೬೪ರ ದೀಪಾವಳಿ ಮುಗಿದ ವಾರದಲ್ಲಿ. ಆಗ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದ ಸೂಪರ್‌ವೈಸರ್. ನಾಲ್ಕು ಸಾವಿರ ಕದಿರುಗಳು ನನ್ನ ಕಣ್ಸನ್ನೆಗೆ ಹೆದರಿಯೇ ತಿರುಗುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಅಂಥವನ ಮುಂದೆ ಎರಡು ಗಾಲಿಯ ಒಂದು ಯಂತ್ರ ಯಾವ ಮಹಾ!

ಹೆಸರು ಬರೆಸಿ ಎರಡು ವರ್ಷ ಕಾದ ಮೇಲೆ ಗಾಡಿ ಬಂದಿತ್ತು. ಕೆ.ಬಿ. ಬಡಾವಣೆಯ ನಮ್ಮ ಮನೆಯ ಮುಂದೆ ಅದನ್ನು ನಿಲ್ಲಿಸಿದಾಗ ಹೆಂಡತಿ ಸರ್ವಮಂಗಳ ಅದಕ್ಕೆ ವಿಭೂತಿ ಹಚ್ಚಿ ಆರತಿ ಎತ್ತಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಸೀಟಿನ ಪಕ್ಕಕ್ಕೆ ಬಂದು ನಿಂತಳು. ನಾನು ಕೈ ಅಡ್ಡ ಹಿಡಿದೆ. ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಅಷ್ಟರಲ್ಲಿ ನಾನು ಮೂರು ಸಲ ಓದಿ ಮುಗಿಸಿದ್ದೆ. ಹೊಸ ಇಂಜಿನ್ ಎಂದರೆ ಎಳೆಗೂಸು. ಮೊದಲ ಐನೂರು ಮೈಲಿ ಮುಗಿಯುವ ತನಕ ವೇಗ ಇಪ್ಪತ್ತೈದನ್ನು ದಾಟಕೂಡದು, ಭಾರ ಹೇರಕೂಡದು, ಅರ್ಧ ಗಂಟೆ ಓಡಿದರೆ ಪೂರ್ತಿ ತಣ್ಣಗಾಗಲು ಬಿಡಬೇಕು. ಇದನ್ನೆಲ್ಲ ಆಕೆಗೆ ವಿವರವಾಗಿ ತಿಳಿಸಿದೆ.

"ನಾನು ಭಾರಾನೇನ್ರಿ?" ಎಂದಳು.

"ಶಾಸ್ತ್ರದ ಪ್ರಕಾರ ಹೌದು" ಎಂದೆ.

ಆಕೆ ಆರತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ದಿನದ ಸಾರಿನಲ್ಲಿ ಉಪ್ಪಿರಲಿಲ್ಲ.

ಇನ್ನು ಐನೂರು ಮೈಲಿ ಓಡಿಸುವುದು ಎಲ್ಲಿ ಎಂಬ ಪ್ರಶ್ನೆ. ಊರೊಳಗೆ ಓಡಿಸೋಣವೆಂದರೆ ಹತ್ತಿಯ ಗಾಡಿಗಳ ಸಾಲು. ಯೋಚಿಸಿ ನೋಡಿದಾಗ ಹರಿಹರದ ದಾರಿಯೇ ಸರಿ ಎನಿಸಿತು. ಒಂಬತ್ತು ಮೈಲಿ ಸಲೀಸು ರಸ್ತೆ, ತುದಿಯಲ್ಲಿ ಮಾವನ ಮನೆ. ಅಲ್ಲಿ ಒಂದು ಗಂಟೆ ಇಂಜಿನ್ನಿಗೆ ವಿಶ್ರಾಂತಿ, ನನಗೆ ಚಹಾ. ಗಿರಣಿಯ ನನ್ನ ಪಾಳಿ ಮೂರು ಗಂಟೆಗೆ ಮುಗಿಯುತ್ತಿತ್ತು. ಸರ್ವಮಂಗಳ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ಕಾಪಿ ತಿದ್ದಿ ಮನೆ ಸೇರುವಷ್ಟರಲ್ಲಿ ನಾನು ಹೋಗಿ ಬಂದುಬಿಡಬಹುದು.

ಹೀಗೆ ನನ್ನ ದಂಡಯಾತ್ರೆ ಶುರುವಾಯಿತು. ಮುಳ್ಳು ಇಪ್ಪತ್ತೈದರ ಮೇಲೆ ಕೂದಲೆಳೆಯಷ್ಟೂ ಸರಿಯದಂತೆ ನೋಡಿಕೊಂಡು ರಸ್ತೆಯ ಅಂಚಿನಲ್ಲಿ ಸಾಗುತ್ತಿದ್ದೆ. ಇಂಜಿನ್ನು ಕೆಮ್ಮುತ್ತ, ಗೊಣಗುತ್ತ, ಹಿಂದೆ ನೀಲಿ ಹೊಗೆಯ ಮೆರವಣಿಗೆ ಮಾಡುತ್ತ ಬರುತ್ತಿತ್ತು. ಒಮ್ಮೆ ಬಸ್ಸೊಂದು ನಿಧಾನ ಮಾಡಿ, ಕಂಡಕ್ಟರು ಬಾಗಿಲಿನಿಂದ ಬಗ್ಗಿ, ಎಣ್ಣೆ ಖಾಲಿಯಾಗಿದೆಯೇ ಎಂದು ಕನಿಕರದಿಂದ ವಿಚಾರಿಸಿದ. ನಾನು ಕೈ ಬೀಸಿ ಕಳಿಸಿದೆ. ಶಾಸ್ತ್ರ ಬಲ್ಲವರು ಎಲ್ಲ ಕಾಲದಲ್ಲೂ ಇಂಥದ್ದನ್ನು ಸಹಿಸಿದ್ದಾರೆ.

ಮಾವ ಮುರುಗೇಶಪ್ಪನವರು ಮಿತಭಾಷಿ. ಅತ್ತೆ ಬಸವಣ್ಣೆಮ್ಮನವರು ಅಡುಗೆಯಲ್ಲೇ ಮಾತಾಡುವವರು. ಮೊದಲ ದಿನ ಹೋಳಿಗೆ, ಎರಡನೆಯ ದಿನ ಕರಿಗಡುಬು, ನಾಲ್ಕನೆಯ ದಿನ ಶಾವಿಗೆ. ಎಂಟನೆಯ ದಿನಕ್ಕೆ ಮಂಡಕ್ಕಿಗೆ ಇಳಿಯಿತು. ಅದನ್ನು ನಾನು ಗಮನಿಸಲಿಲ್ಲ. ನನ್ನ ಜೀವವೆಲ್ಲ ಹಿತ್ತಲಲ್ಲಿತ್ತು. ಮನೆಯ ಪಕ್ಕದ ಸಂದಿಯಿಂದ ಗಾಡಿ ತಳ್ಳಿಕೊಂಡು ಹೋಗಿ ಬೇವಿನ ನೆರಳಲ್ಲಿ ನಿಲ್ಲಿಸಿ, ಒಳಗೆ ಬಂದು ಗಡಿಯಾರ ನೋಡುತ್ತ ಕೂರುತ್ತಿದ್ದೆ. ಹತ್ತು ನಿಮಿಷಕ್ಕೊಮ್ಮೆ ಎದ್ದುಹೋಗಿ ಇಂಜಿನ್ನನ್ನು ಮುಟ್ಟಿ ನೋಡಿ, ಇನ್ನೂ ಬಿಸಿಯಿದ್ದರೆ ನಿಟ್ಟುಸಿರು ಬಿಟ್ಟು ಬರುತ್ತಿದ್ದೆ. ಮಗಳು ಹೇಗಿದ್ದಾಳೆ ಎಂದು ಅತ್ತೆ ಕೇಳಿದರೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ. ಯಾಕೆ ಕರೆತರಲಿಲ್ಲ ಎಂದರೆ ಈಗ ಆಗುವುದಿಲ್ಲ ಎನ್ನುತ್ತಿದ್ದೆ. ಗಂಟೆ ಮುಗಿದ ಕೂಡಲೇ ಎದ್ದು ಹೊರಡುತ್ತಿದ್ದೆ.

ನಮಗೆ ಮದುವೆಯಾಗಿ ಆರು ವರ್ಷವಾಗಿತ್ತು. ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಆ ವಿಷಯವನ್ನು ನಾನೂ ಸರ್ವಮಂಗಳನೂ ಮಾತಾಡಿ ಮುಗಿಸಿ ನೆಮ್ಮದಿಯಾಗಿದ್ದೆವು. ಆದರೆ ಹೆತ್ತವರ ಮನಸ್ಸು ಹಾಗಿರುತ್ತದೆಯೇ? ಅಳಿಯ ದಿನಾ ಒಬ್ಬನೇ ಬರುತ್ತಾನೆ, ಏನೋ ಹೇಳಬೇಕೆಂದು ಬಂದು ಹೇಳಲಾರದೆ ಹಿತ್ತಲಿಗೆ ಹೋಗಿ ನಿಟ್ಟುಸಿರು ಬಿಡುತ್ತಾನೆ, ಹೆಂಡತಿಯ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸರು ಇದನ್ನು ಹಿಂಡಿ, ಕೊಡವಿ, ಒಣಹಾಕಿ ಅರ್ಥ ಮಾಡಿದರು. ಅಳಿಯನಿಗೆ ಇನ್ನೊಂದು ಮದುವೆಯ ಯೋಚನೆ ಬಂದಿದೆ. ಬಸವಣ್ಣೆಮ್ಮನವರು ಊಟ ಬಿಟ್ಟರು.

ಹನ್ನೆರಡನೆಯ ದಿನ ಭಾನುವಾರ. ಬೆಳಿಗ್ಗೆ ನಾನು ಗಾಡಿಗೆ ಪೆಟ್ರೋಲ್ ಹಾಕಿಸಲು ಹೋಗಿದ್ದಾಗ ತಾಯಿಗೆ ಹುಷಾರಿಲ್ಲವೆಂದು ಹರಿಹರದಿಂದ ಸುದ್ದಿ ಬಂದು, ಸರ್ವಮಂಗಳ ಬಸ್ಸು ಹತ್ತಿ ಹೋಗಿದ್ದಳು. ನಾನು ಮನೆಗೆ ತಿರುಗದೆ ನೇರವಾಗಿ ಹರಿಹರದ ದಾರಿ ಹಿಡಿದಿದ್ದರಿಂದ ನನಗೆ ಅದೊಂದೂ ತಿಳಿಯದು. ಮಾವನ ಮನೆ ತಲುಪಿ, ಗಾಡಿಯನ್ನು ಹಿತ್ತಲಲ್ಲಿ ನಿಲ್ಲಿಸಿ ಒಳಗೆ ಬಂದರೆ ಪಡಸಾಲೆಯಲ್ಲಿ ಜಮಖಾನ ಹಾಸಿದೆ. ಮಾವ ತಲೆ ತಗ್ಗಿಸಿ ಕೂತಿದ್ದಾರೆ. ಪಕ್ಕದಲ್ಲಿ ಅವರ ಅಣ್ಣ ಮಾಳಿಂಗಪ್ಪನವರು. ಮಲೆಬೆನ್ನೂರಿನಲ್ಲಿ ಭತ್ತದ ಗದ್ದೆ ಮಾಡಿಸುವವರು, ಆ ಸುತ್ತಿನಲ್ಲಿ ಹತ್ತಾರು ಸಂಸಾರಗಳ ನ್ಯಾಯ ಹೇಳಿದವರು. ಬೆಳಗಿನ ಬಸ್ಸಿಗೆ ಬಂದಿದ್ದ ಅವರು ನನ್ನ ಗಾಡಿಯನ್ನು ನೋಡಿರಲಿಲ್ಲ, ಅದರ ಸುದ್ದಿಯೂ ಅವರಿಗೆ ಮುಟ್ಟಿರಲಿಲ್ಲ.

"ಬರ್ರಿ, ಕೂಡ್ರಿ" ಎಂದರು ಮಾಳಿಂಗಪ್ಪನವರು. "ದಿನಾ ಬರ್ತೀರಂತೆ, ಒಬ್ಬರೇ. ಏನ್ ಸಮಾಚಾರ? ಹಿರೇರ ಮುಂದೆ ಮುಚ್ಚಿಡಾದು ಬ್ಯಾಡ."

ಅಂಥ ಹಿರಿಯರು ನನ್ನ ಗಾಡಿಯ ಬಗ್ಗೆ ಆಸಕ್ತಿ ತಳೆದರಲ್ಲ ಎಂದು ನನಗೆ ಸಂತೋಷವಾಯಿತು.

"ಮನಿಗೆ ಹೊಸದು ಬಂದೈತ್ರಿ" ಎಂದೆ. "ಎರಡು ವರ್ಷದಿಂದ ಕಾಯ್ತಿದ್ದೆ."

ಒಳಗೆ ಹಿತ್ತಾಳೆ ಲೋಟವೊಂದು ಉರುಳಿತು. ಮಾಳಿಂಗಪ್ಪನವರು ಮಾವನ ಮುಖ ನೋಡಿದರು.

"ನಮ್ಮ ಹುಡುಗಿಗೆ ಇದು ಗೊತ್ತೈತೇನು?"

"ಆಕಿನೇ ಅಲ್ರೀ ಆರತಿ ಎತ್ತಿ ಬರಮಾಡಿಕೊಂಡಿದ್ದು."

ಮಾಳಿಂಗಪ್ಪನವರು ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು. ನಿರ್ಜೀವ ವಸ್ತುಗಳ ಮೇಲೆ ಇಷ್ಟು ಮಮತೆ ಇರುವವರನ್ನು ನಾನು ಕಂಡಿರಲಿಲ್ಲ.

"ಹಂಗಾರೆ ಇನ್ನ ಸರ್ವಮಂಗಳನ ಗತಿ ಹೆಂಗೆ?"

"ಇನ್ನೊಂದಿಷ್ಟು ದಿನ ತಡಕೋಬೇಕ್ರಿ. ಹೊಸದು ಪಳಗೋತನಕ ಇಬ್ಬರನ್ನೂ ಸಂಭಾಳಿಸಾಕೆ ಆಗಂಗಿಲ್ಲ. ಬಾಳ ಸೂಕ್ಷ್ಮ ಐತೆ. ಒಂಚೂರು ಜೋರು ಮಾಡಿದ್ರೆ ಬಿಸಿ ಆಗ್ತತಿ. ಗಳಿಗೆಗೊಮ್ಮೆ ಮೈ ಮುಟ್ಟಿ ನೋಡ್ತಿರಬೇಕು."

ಮಾಳಿಂಗಪ್ಪನವರು ಗಂಟಲು ಸರಿಮಾಡಿಕೊಂಡರು.

"ಈಗ ಎಲ್ಲೈತೆ ಅದು?"

"ಇಲ್ಲೇ ಹಿತ್ತಲಾಗೆ ನಿಲ್ಲಿಸೀನ್ರಿ. ಬೇವಿನ ಗಿಡದ ನೆರಳಿಗೆ."

ಆಮೇಲೆ ನಡೆದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ. ಅಡುಗೆಮನೆಯಿಂದ ಬಸವಣ್ಣೆಮ್ಮನವರು ಕಡಗೋಲು ಹಿಡಿದು ನನ್ನ ಮುಂದೆಯೇ ಹಿತ್ತಲಿಗೆ ಓಡಿದರು. ಅವರ ಹಿಂದೆ ನೆರೆಮನೆಯ ಇಬ್ಬರು ಹೆಂಗಸರು, ಅವರ ಹಿಂದೆ ವಲ್ಲಿ ಜಾರಿಸಿಕೊಂಡು ಮಾಳಿಂಗಪ್ಪನವರು, ಕೊನೆಗೆ ಮಾವ. ಅಷ್ಟು ಜನ ಕೂಗಾಡಿಕೊಂಡು ಬಂದರೆ ಇಂಜಿನ್ನಿಗೆ ಏನಾಗುವುದೋ ಎಂದು ನಾನೂ ಓಡಿದೆ. ಬೇವಿನ ಬುಡದಲ್ಲಿ ಗಾಡಿ ಟಿಕ್ ಟಿಕ್ ಎಂದು ಆರುತ್ತ ನಿಂತಿತ್ತು. ಅತ್ತೆ ಅದನ್ನು ಬಳಸಿಕೊಂಡು ಹೋಗಿ ಮರದ ಹಿಂದೆ ನೋಡಿದರು, ಕೊಟ್ಟಿಗೆಯೊಳಗೆ ನೋಡಿದರು, ಬಾವಿಗೂ ಇಣುಕಿದರು.

"ಎಲ್ಲೈತ್ರೀ ಆ ಹೆಣ್ಣು?" ಎಂದು ಮಾಳಿಂಗಪ್ಪನವರು ಏದುಸಿರಿನಲ್ಲಿ ಕೇಳಿದಾಗಲೇ ನನಗೆ ನಾನು ಇಷ್ಟು ಹೊತ್ತು ಯಾವುದಕ್ಕೆ ಉತ್ತರ ಕೊಡುತ್ತಿದ್ದೆ ಎಂಬುದು ಹೊಳೆದದ್ದು. ಆಗ ಹಿತ್ತಲ ಬಾಗಿಲಲ್ಲಿ ಸರ್ವಮಂಗಳ ಕಂಡಳು. ಹೊಸ್ತಿಲ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು, ಆದರೆ ನಗುತ್ತಿದ್ದಳು. ಗಾಡಿಯ ಕಡೆ ಬೆರಳು ತೋರಿಸಿ, "ಅದೇ" ಎಂದಳು.

ಎಲ್ಲರಿಗೂ ಅರ್ಥವಾಗುವ ಹೊತ್ತಿಗೆ ಅತ್ತೆ ಕಡಗೋಲನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಹೆಂಗಸರು ನಕ್ಕರು, ಮಾವನೂ ಮೀಸೆಯಡಿಯಲ್ಲಿ ನಕ್ಕರು. ಮಾಳಿಂಗಪ್ಪನವರು ಮಾತ್ರ ನಗಲಿಲ್ಲ. ಗಾಡಿಯನ್ನು ಎತ್ತು ನೋಡುವವರಂತೆ ಒಂದು ಸುತ್ತು ಬಂದು, ಹಿಂದಿನ ಸೀಟನ್ನು ಒತ್ತಿ ನೋಡಿ, ಇದೇ ಹಿತ್ತಲಿನಿಂದ ಈಗಲೇ ಹೆಂಡತಿಯನ್ನು ಕೂಡಿಸಿಕೊಂಡು ಊರು ನೋಡುವಂತೆ ಹೊರಡಬೇಕೆಂದು ತೀರ್ಪು ಕೊಟ್ಟರು. ಇನ್ನೂ ನೂರ ಅರವತ್ತು ಮೈಲಿ ಬಾಕಿ ಇದೆ, ಇಂಜಿನ್ ಕೆಡುತ್ತದೆ ಎಂದು ನಾನು ಬೇಡಿಕೊಂಡೆ.

"ಗಾಡಿ ಕೆಟ್ರೆ ರಿಪೇರಿ ಐತೆ" ಎಂದರು ಅವರು.

ಸರ್ವಮಂಗಳ ಹತ್ತಿ ಕೂತಳು. ಹೊಳೆಯ ಬೀದಿ, ಪೇಟೆ ಬೀದಿ ಎಲ್ಲ ನೋಡುತ್ತಿತ್ತು. ಊರು ದಾಟಿ ದಾವಣಗೆರೆಯ ದಾರಿ ಹಿಡಿದೆವು. ದೊಡ್ಡಬಾತಿಯ ಬಳಿ ಒಂದು ಹುಣಸೆಮರದ ಕೆಳಗೆ ಇಂಜಿನ್ ಆರಲೆಂದು ನಿಲ್ಲಿಸಿದೆ. ಆಕೆ ಕಲ್ಲಿನ ಮೇಲೆ ಕೂತು, ಕೆರೆಯ ಕಡೆ ನೋಡುತ್ತ, ತಾಯಿ ಬೆಳಿಗ್ಗೆ ಹೇಳಿದ್ದನ್ನೆಲ್ಲ ಹೇಳಿದಳು. ಕೊನೆಗೆ, "ಒಂದು ಗಳಿಗಿ ನಾನೂ ನಂಬಿದ್ದೆ" ಎಂದಳು.

ಹನ್ನೆರಡು ದಿನ ಬಿಸಿಯಾಗಿದೆಯೇ ತಣ್ಣಗಿದೆಯೇ ಎಂದು ನಾನು ಕೈಯಿಟ್ಟು ನೋಡಿದ್ದು ಬರೀ ಕಬ್ಬಿಣವನ್ನು. ತಪ್ಪಾಯಿತು ಎಂದೆ. ಆಕೆ ಹೂಂ ಎಂದು, ಹೊತ್ತು ಹೋಗಲೆಂದು ಕೈಪಿಡಿಯನ್ನು ಕೇಳಿ ತೆಗೆದುಕೊಂಡು ಓದತೊಡಗಿದಳು. ಎರಡು ಪುಟ ಓದಿ, ಎದ್ದು ಬಂದು, ಬಗ್ಗಿ ಮೀಟರನ್ನು ನೋಡಿದಳು.

"ಪುಸ್ತಕದಾಗೆ ಮೈಲಿ ಅಂತ ಐತೆ" ಎಂದಳು. "ಮೀಟರಿನಾಗೆ ಕಿಲೋಮೀಟರ್ ಅಂತ ಐತೆ."

ಆ ವರ್ಷ ಆಕೆ ನಾಲ್ಕನೆಯ ತರಗತಿಗೆ ಹೊಸ ಮೆಟ್ರಿಕ್ ಅಳತೆ ಕಲಿಸುತ್ತಿದ್ದಳು. ಇಪ್ಪತ್ತೈದು ಮೈಲಿ ಎಂದರೆ ನಲವತ್ತು ಕಿಲೋಮೀಟರ್, ನೀವು ಇಷ್ಟು ದಿನ ಓಡಿಸಿದ್ದು ಗಂಟೆಗೆ ಹದಿನಾರು ಮೈಲಿಯಂತೆ ಎಂದು ಮಕ್ಕಳಿಗೆ ಹೇಳುವಷ್ಟೇ ಸಮಾಧಾನದಿಂದ ಹೇಳಿದಳು. ಐನೂರು ಮೈಲಿ ಎಂದರೆ ಎಂಟುನೂರು ಕಿಲೋಮೀಟರ್; ಮೀಟರಿನ ಲೆಕ್ಕದಲ್ಲಿ ಬಾಕಿ ಉಳಿದದ್ದು ನೂರ ಅರವತ್ತಲ್ಲ, ನಾನೂರ ಅರವತ್ತು. ಒಂಬತ್ತು ಮೈಲಿಯ ದಾರಿಗೆ ಮೀಟರು ದಿನಾ ಹದಿನಾಲ್ಕು ತೋರಿಸುತ್ತಿದ್ದುದನ್ನು ನಾನೂ ನೋಡಿದ್ದೆ. ಹೊಸ ಮೀಟರು, ಹುರುಪಿನಲ್ಲಿದೆ ಎಂದುಕೊಂಡಿದ್ದೆ! ಅಷ್ಟಕ್ಕೇ ಬಿಡಲಿಲ್ಲ ಆಕೆ. ಬಹಳ ನಿಧಾನವಾಗಿ ಓಡಿಸಿದರೂ ಇಂಜಿನ್ನಿಗೆ ಕೇಡು ಎಂದು ಮುಂದಿನ ಪುಟದಲ್ಲೇ ಇತ್ತು. ಇನ್ನು ಭಾರದ ವಿಷಯ. ಅಲ್ಲಿ ಮೂಟೆ ಪೆಟ್ಟಿಗೆಗಳ ಮಾತಿತ್ತು.

"ಹೆಂಡತಿ ಅಂತ ಎಲ್ಲೂ ಬರೆದಿಲ್ಲ" ಎಂದು ಪುಸ್ತಕ ಮುಚ್ಚಿದಳು. "ನಡೀರಿ, ನಲವತ್ತಕ್ಕೆ ಹೋಗೋಣ."

ಮುಳ್ಳು ನಲವತ್ತಕ್ಕೆ ಏರಿದಾಗ ಇಂಜಿನ್ನಿನ ಕೆಮ್ಮು ನಿಂತು, ಗಂಟಲು ಬಿಚ್ಚಿ ಹಾಡಿದಂತಾಯಿತು. ಮುಂದಿನ ಹದಿನೈದು ದಿನ ಆಕೆ ಶಾಲೆಯಿಂದ ಬಂದ ಮೇಲೆ ಇಬ್ಬರೂ ಹೊರಡುತ್ತಿದ್ದೆವು. ದಾರಿ ಆರಿಸುವವಳು ಆಕೆ, ಮೀಟರು ನೋಡುವವಳೂ ಆಕೆ. ನನಗೆ ಹ್ಯಾಂಡಲ್ ಹಿಡಿಯುವ ಕೆಲಸ ಉಳಿದಿತ್ತು.

ಎಂಟುನೂರು ತುಂಬಿದ ಮರುದಿನ ಗಾಡಿಯನ್ನು ಹರಿಹರದ ಅಲ್ಲಾಬಕ್ಷ್ ಅವರಲ್ಲಿಗೆ ಒಯ್ದೆವು. ಇಂಜಿನ್ನುಗಳ ನಾಡಿ ಬಲ್ಲ ಹಳೆಯ ಮೇಸ್ತ್ರಿ. ಇಂಜಿನ್ನಿನ ತಲೆ ಬಿಚ್ಚಿ, ಬೆರಳಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿ, ಇದನ್ನು ಇಬ್ಬರು ಓಡಿಸಿರಬೇಕು ಎಂದರು. ಮೊದಲು ಓಡಿಸಿದವನು ಉಸಿರು ಕಟ್ಟಿಸಿ ಮಸಿ ಹಿಡಿಸಿದ್ದಾನೆ, ಆಮೇಲೆ ಯಾರೋ ತಿಳಿದವರ ಕೈಗೆ ಸಿಕ್ಕು ಆ ಮಸಿಯೆಲ್ಲ ಸುಟ್ಟುಹೋಗಿ ಗಾಡಿ ಬದುಕಿಕೊಂಡಿದೆ ಎಂದು ವಿವರಿಸಿದರು. ಮೊದಲು ಓಡಿಸಿದ್ದು ಯಾರೆಂದು ನನ್ನನ್ನೇ ಕೇಳಿದರು.

"ನಮ್ಮ ಸಂಬಂಧಿಕರೊಬ್ಬರು" ಎಂದೆ, ನೆಲ ನೋಡುತ್ತ.

ಅಲ್ಲಾಬಕ್ಷ್ ಕೈ ಒರೆಸಿಕೊಂಡು ಬಹಳ ಮರ್ಯಾದೆಯಿಂದ ಹೇಳಿದರು: "ಬೇಜಾರ್ ಮಾಡ್ಕೋಬ್ಯಾಡ್ರಿ ಸಾಹೇಬ್ರೇ, ಅವರ ಕೈಗೆ ಮತ್ತೆ ಗಾಡಿ ಕೊಡಬ್ಯಾಡ್ರಿ."

"ನಾನೂ ಅದನ್ನೇ ಹೇಳ್ತಿದ್ದೀನ್ರಿ" ಎಂದಳು ಸರ್ವಮಂಗಳ. "ಆದ್ರೆ ಅವರು ಬಾಳ ಹತ್ತಿರದ ಸಂಬಂಧ. ಬಿಡಾಕೆ ಆಗಂಗಿಲ್ಲ."